ಸಹಿ ನಿಮ್ಮದು, ಬೈಗುಳ ಅವರಿಗೆ

ಪತ್ರ: ಕಾರ್ಕಳ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್, ಅಂದರೆ ಗಾತ್ರ ನೋಡಿ ಬೀಜ ಬೇರೆ ಮಾಡುವ ಕೆಲಸ ಮಾಡುತ್ತಿದ್ದೆ. ಈ ವರ್ಷ ಅದೇ ವಿಭಾಗಕ್ಕೆ ಸೂಪರ್‌ವೈಸರ್ ಮಾಡಿದರು. ಕಳೆದ ತಿಂಗಳು 240 ಗ್ರೇಡ್ ಎಂದು ಬರೆದ ಕೆಲವು ಟಿನ್‌ಗಳಲ್ಲಿ ಅದಕ್ಕಿಂತ ಸಣ್ಣ, 320ರ ಬೀಜ ಇದೆ ಎಂದು ದೂರು ಬಂತು. ಲಾರಿ ಕಾಯುತ್ತಿದೆ ಎಂದು ಸ್ಯಾಂಪಲ್ ಎಣಿಸದೆ ಶೀಟಿಗೆ ಸಹಿ ಹಾಕಿದವಳು ನಾನು. ಧಣಿಗಳು ಗ್ರೇಡಿಂಗ್‌ನ ಅಕ್ಕಂದಿರಿಗೆ ಎಲ್ಲರೆದುರು ಬೈದರು. ಬಟವಾಡೆಯಲ್ಲಿ ಹಿಡಿಯುತ್ತೇನೆ ಎಂದೂ ಹೇಳಿದ್ದಾರೆ. ನಾನು ಬಾಯಿ ಬಿಡಲಿಲ್ಲ. ಈಗ ಹೇಳಿದರೆ ನನ್ನ ಮಾತಿಗೆ ಬೆಲೆ ಇರುತ್ತದಾ? ಈ ಕೆಲಸವೇ ಬೇಡ ಎಂದು ಮತ್ತೆ ಗ್ರೇಡಿಂಗ್ ಮೇಜಿಗೆ ಹೋಗಲಾ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಬಟವಾಡೆ ಯಾವತ್ತು ಎಂದು ನೀವು ಬರೆದಿಲ್ಲ. ಅದಕ್ಕಿಂತ ಮೊದಲೇ ಹೇಳಿ. ಉಳಿದದ್ದೆಲ್ಲ ಆಮೇಲೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ ಅಲ್ವಾ? ಬೈಗುಳವನ್ನಾದರೂ ಅಕ್ಕಂದಿರು ಮರೆತಾರು, ಕೂಲಿ ಕಡಿಮೆಯಾದದ್ದನ್ನು ಮರೆಯುವುದಿಲ್ಲ. ನಷ್ಟದ ಹೆಸರಲ್ಲಿ ಸಂಬಳ ಹಿಡಿಯುವ ಮೊದಲು ಆ ಕೆಲಸಗಾರರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು, ನಷ್ಟ ಅವರ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು ಎಂದು ಕಾನೂನೇ ಇದೆ. ಆದರೆ ಕಾನೂನು ಹಿಡಿದುಕೊಂಡು ಧಣಿಗಳ ರೂಮಿಗೆ ಹೋಗಬೇಡಿ. ನಿಮ್ಮ ಸಹಿ ಇರುವ ಆ ಶೀಟನ್ನು ಹಿಡಿದುಕೊಂಡು ಹೋಗಿ.

ಈ ಲೆಕ್ಕ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. 240 ಎಂದರೆ ಒಂದು ಪೌಂಡಿಗೆ 220ರಿಂದ 240 ಬೀಜ. 320 ಎಂದರೆ 300ರಿಂದ 320. ಸಂಖ್ಯೆ ದೊಡ್ಡದಾದಷ್ಟು ಬೀಜ ಸಣ್ಣದು, ರೇಟೂ ಕಡಿಮೆ. ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ ತೂಗಿ ಎಣಿಸಿದರೆ 240ರಲ್ಲಿ 55ರಿಂದ 60 ಬೀಜ ಸಿಗಬೇಕು. 75 ದಾಟಿದರೆ ಅದು 320ರ ಮಾಲು. ಎಣಿಸಲು ಎಷ್ಟು ಹೊತ್ತು ಬೇಕು? 11.34 ಕಿಲೋದ ಟಿನ್ನಿಗೆ ಮುಚ್ಚಳ ಬೀಳುವ ಮೊದಲು ಅಷ್ಟು ಹೊತ್ತು ನಿಮಗಿತ್ತು.

ಹಾಗಾಗಿ ಹೇಳುವಾಗ ಇದನ್ನೇ ಹೇಳಿ. "ಆ ದಿನ ಸ್ಯಾಂಪಲ್ ಎಣಿಸದೆ ಸಹಿ ಹಾಕಿದೆ. ಎಣಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು." ಇಷ್ಟು ಸಾಕು. "ಎಲ್ಲಾ ನನ್ನದೇ ತಪ್ಪು" ಎಂದು ಅಳಬೇಡಿ. ಕೇಳಲು ಚೆನ್ನಾಗಿರುತ್ತದೆ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಲಾರಿಯ ಸುದ್ದಿಯನ್ನೂ ಮೊದಲೇ ತೆಗೆಯಬೇಡಿ. ಅವರು ಕೇಳಿದರೆ ಹೇಳಿ.

ಎಸ್‌ಎಲ್‌ವಿ-3 ರಾಕೆಟ್ಟಿನ ಕಥೆ ನೀವು ಕೇಳಿರುತ್ತೀರಿ. 1979ರ ಆಗಸ್ಟ್ 10ರಂದು ಅದು ಸಮುದ್ರಕ್ಕೆ ಬಿತ್ತು. ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಕುಳಿತು ಹೊಣೆ ಹೊತ್ತರು. ಮರುವರ್ಷ ಜುಲೈ 18ರಂದು ಉಡಾವಣೆ ಗೆದ್ದಾಗ ಮಾತಾಡಲು ಆ ಯೋಜನೆಯ ಮುಖ್ಯಸ್ಥರಾಗಿದ್ದ ಅಬ್ದುಲ್ ಕಲಾಂ ಅವರನ್ನು ಕಳಿಸಿದರು. ಭಾಷಣಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ನನಗೆ ಇಷ್ಟವಾದ ಭಾಗ ಬೇರೆ ಇದೆ. ರಾಕೆಟ್ ಬಿದ್ದ ಮೇಲೆ ಒಳಗೆ ತನಿಖೆಯ ಸಭೆ ನಡೆಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿತ್ತು ಎಂದು ತಂಡದವರು ಕಾರಣ ಕೊಟ್ಟರು. ಆಗ ಕಲಾಂ ಎದ್ದು ನಿಂತರು. ಆ ಸೋರಿಕೆ ಕೌಂಟ್‌ಡೌನ್ ವೇಳೆಯಲ್ಲೇ ಕಂಡಿತ್ತು, ದೊಡ್ಡದಲ್ಲ ಎಂದುಕೊಂಡದ್ದು ತನ್ನ ತಪ್ಪು, ಉಡಾವಣೆ ನಿಲ್ಲಿಸಬೇಕಿತ್ತು ಎಂದರು. ಇದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಎಷ್ಟು ನಿಖರವಾಗಿ ಹೇಳಿದ್ದಾರೆ ನೋಡಿ. ಯಾವ ಹೊತ್ತಿನಲ್ಲಿ, ಯಾವ ತೀರ್ಮಾನ ತಪ್ಪಾಯಿತು ಎಂದು. ಸೋರಿದ್ದು ಅವರಿಂದಲ್ಲ, ಕಂಡೂ ಬಿಟ್ಟದ್ದು ಅವರು.

ನಿಮ್ಮಲ್ಲೂ ಹಾಗೇ. ಬೀಜ ಬೆರೆತದ್ದು ಮೇಜಿನಲ್ಲಿ. ಅದನ್ನು ಹಿಡಿಯಬೇಕಿದ್ದವರು ನೀವು. ನಿಮ್ಮ ಪಾಲು ಹೇಳಿದ ಮೇಲೆ, ಬೆರೆತದ್ದು ಹೇಗೆ ಎಂದು ಅಕ್ಕಂದಿರ ಜೊತೆ ಕೂತು ನೋಡಲೇಬೇಕು. ಎರಡು ಗ್ರೇಡಿನ ಟ್ರೇ ಅಕ್ಕಪಕ್ಕ ಇತ್ತಾ? ಸಂಜೆ ಹೊತ್ತಿನ ಕೆಲಸವಾ, ಬೆಳಕು ಸಾಲಲಿಲ್ಲವಾ? ಹೊಸಬರು ಯಾರಾದರೂ ಇದ್ದರಾ? ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಂಡರೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಮುಂದಿನ ಲೋಡಿನಲ್ಲೂ ಬೆರೆಯುತ್ತದೆ.

ಅಕ್ಕಂದಿರಿಗೆ ಬೈಗುಳ ಬಿದ್ದದ್ದು ಎಲ್ಲರೆದುರು. ನೀವು ಹೇಳುವುದೂ ಅಲ್ಲೇ, ಎಲ್ಲರೆದುರು ಆಗಬೇಕು. ಒಬ್ಬೊಬ್ಬರನ್ನೇ ಬದಿಗೆ ಕರೆದು ಪಿಸುಗುಟ್ಟಿದರೆ ಸಾಲದು. ತುಳುವಿನಲ್ಲೇ ಹೇಳಿ, ದಿನಾ ಮಾತಾಡುವ ಹಾಗೆ. ಅವರಲ್ಲಿ ಒಬ್ಬರಾದರೂ "ಇಷ್ಟು ದಿನ ಯಾಕೆ ಸುಮ್ನಿದ್ದಿ ಮಾರಾಯ್ತಿ?" ಎಂದು ಕೇಳಿಯೇ ಕೇಳುತ್ತಾರೆ. "ಹೆದರಿದೆ" ಎನ್ನಿ. ಅದೇ ನಿಜ ತಾನೆ?

ಮಾತಿಗೆ ಬೆಲೆ ಇರುತ್ತದಾ ಎಂದು ಕೇಳಿದ್ದೀರಿ. ಸ್ವಲ್ಪ ದಿನ ಕಡಿಮೆಯೇ ಆಗಬಹುದು. ಆದರೆ ಒಂದು ಯೋಚನೆ ಮಾಡಿ. ಸ್ಯಾಂಪಲ್ ಎಣಿಸಿಲ್ಲ ಎಂಬುದು ಆ ಮೇಜಿನಲ್ಲಿ ಕುಳಿತವರಿಗೆ ಗೊತ್ತಿಲ್ಲ ಎಂದು ನಿಮಗೆ ಅನ್ನಿಸುತ್ತದಾ? ಗೊತ್ತಿರುತ್ತದೆ. ಅವರು ನೋಡುತ್ತಿರುವುದು ನೀವು ಹೇಳುತ್ತೀರೋ ಇಲ್ಲವೋ ಎಂದು.

ಕೆಲಸ ಬಿಟ್ಟು ಮೇಜಿಗೆ ಹೋಗುವುದು ಬೇಡ. ನೀವಾಗಿ ಇಳಿದರೆ ಅದು ಓಡಿಹೋದ ಹಾಗೆ ಕಾಣುತ್ತದೆ, ಕೂಲಿ ಹಿಡಿಯುವ ವಿಷಯ ಅಕ್ಕಂದಿರ ತಲೆ ಮೇಲೆ ಹಾಗೇ ಉಳಿಯುತ್ತದೆ. ಧಣಿಗಳೇ ಇಳಿಸಿದರೆ ಅದು ಬೇರೆ ಮಾತು. ಆಗಲೂ ಕೂಲಿಯ ಮಾತು ಇತ್ಯರ್ಥವಾಗುವವರೆಗೆ ಬಿಡಬೇಡಿ. ಏನಾಯಿತೆಂದು ಬರೆಯಿರಿ, ಹೆಸರು ಹಾಕುವುದಿಲ್ಲ.

– ಸಂ.