ಸಾಫ್ಟ್‌ವೇರ್ ಜೊತೆಗೇ ಕೊಟ್ಟಿರುವ ಪೈಥಾನ್ 3.8 ಅನ್ನು 3.12ಕ್ಕೆ ಏರಿಸಿದರೆ ಗ್ರಾಹಕರ ಸ್ಕ್ರಿಪ್ಟುಗಳು ನಿಲ್ಲುತ್ತವೆಯೇ?

ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಟಾಕ್ಕೆ (ಲಾರಿ ತೂಗುವ ವೇಬ್ರಿಜ್‌ಗೆ) ನೀವು ಕೊಟ್ಟ ಸಾಫ್ಟ್‌ವೇರ್ ಒಳಗೆ ಪೈಥಾನ್ 3.8 ಇದೆ, ಕಾರ್ಖಾನೆಯವರು ರಿಪೋರ್ಟಿಗೆ ಅಂತ ಅದರ ಮೇಲೆ ತಮ್ಮವೇ ಸ್ಕ್ರಿಪ್ಟ್ ಬರೆದುಕೊಂಡಿದ್ದಾರೆ ಅಂತ ಹೇಳಿದ್ದೀರಿ. ಒಮ್ಮೆಲೇ 3.12ಕ್ಕೆ ಜಿಗಿದರೆ ಅವುಗಳಲ್ಲಿ ಕೆಲವು ಖಂಡಿತ ನಿಲ್ಲುತ್ತವೆ. ನಡುವೆ 3.11ರಲ್ಲಿ ತಂಗಿ ಹೋಗ್ರಿ.

ಕಾರಣ, ಇಂಥ ರಿಪೋರ್ಟ್ ಸ್ಕ್ರಿಪ್ಟುಗಳು ಬಳಸುವ ಎರಡು ಪ್ಯಾಕೇಜು: ಅಂಕಿಗಳ ಲೆಕ್ಕಕ್ಕೆ ನಂಪೈ, ಕೋಷ್ಟಕಗಳಿಗೆ ಪ್ಯಾಂಡಾಸ್. ನಂಪೈ 1.24 ನಡೆಯುವುದು ಪೈಥಾನ್ 3.8ರಿಂದ 3.11ರವರೆಗೆ. 3.12ರಲ್ಲಿ ನಡೆಯುವ ಮೊದಲ ನಂಪೈ 1.26, ಅದು 3.8ರಲ್ಲಿ ನಡೆಯುವುದಿಲ್ಲ. ಪ್ಯಾಂಡಾಸ್ ಕೂಡ 2.1ರಿಂದ 3.8ರ ಕೈ ಬಿಟ್ಟಿದೆ. ಹೀಗಾಗಿ ನೇರ ಜಿಗಿತದಲ್ಲಿ ಭಾಷೆಯೂ ಪ್ಯಾಕೇಜೂ ಒಟ್ಟಿಗೇ ಬದಲಾಗುತ್ತವೆ, ರಿಪೋರ್ಟು ತಪ್ಪಿದರೆ ಯಾವುದರಿಂದ ತಪ್ಪಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು 3.8ರಲ್ಲೇ ಇದ್ದುಕೊಂಡು ನಂಪೈ 1.24.4, ಪ್ಯಾಂಡಾಸ್ 2.0.3 ಹಾಕ್ರಿ. ಅರ್ಧಕ್ಕರ್ಧ ತ್ರಾಸು ಇಲ್ಲೇ ಹೊರಬೀಳುತ್ತದೆ. ನಂಪೈ 1.24ರಲ್ಲಿ ಎನ್‌ಪಿ.ಫ್ಲೋಟ್, ಎನ್‌ಪಿ.ಇಂಟ್ ಹೆಸರುಗಳಿಲ್ಲ, ಬರೇ ಫ್ಲೋಟ್, ಇಂಟ್ ಅಂತ ಬರೆದರೆ ಸಾಕು. ಪ್ಯಾಂಡಾಸ್ 2.0ರಲ್ಲಿ ಡೇಟಾಫ್ರೇಮಿನ (ಅದರ ಕೋಷ್ಟಕದ) ಅಪೆಂಡ್ ಹೋಗಿದೆ, ಅದರ ಜಾಗಕ್ಕೆ ಕಾನ್‌ಕ್ಯಾಟ್. ಲಾರಿಯ ಒಂದೊಂದೇ ತೂಕವನ್ನು ಸಾಲಾಗಿ ಸೇರಿಸುತ್ತ ಹೋಗುವ ಸ್ಕ್ರಿಪ್ಟುಗಳಲ್ಲಿ ಈ ಅಪೆಂಡ್ ಇದ್ದೇ ಇರುತ್ತದೆ.

ಇದೆಲ್ಲ ಸರಿಯಾಗಿ ನಡೆದ ಮೇಲೆ ಪ್ಯಾಕೇಜು ಮುಟ್ಟದೆ ಪೈಥಾನ್ ಒಂದನ್ನೇ 3.11.9 ಮಾಡ್ರಿ. 3.11ರ ಸರಣಿಯಲ್ಲಿ ವಿಂಡೋಸಿಗೆ ಸಿದ್ಧ ಜಿಪ್ ಸಿಗುವ ಕೊನೆಯ ಆವೃತ್ತಿ ಅದು. ಕಲೆಕ್ಷನ್ಸ್ ಮಾಡ್ಯೂಲಿನಿಂದ ನೇರವಾಗಿ ಮ್ಯಾಪಿಂಗ್ ತರಿಸಿಕೊಳ್ಳುವ ಹಳೇ ಸಾಲುಗಳು ಇಲ್ಲಿ ಬೀಳುತ್ತವೆ, 3.10ರಿಂದ ಅದು ಕಲೆಕ್ಷನ್ಸ್.ಎಬಿಸಿ ಒಳಗೆ ಮಾತ್ರ ಇದೆ. ಆವೃತ್ತಿಯ ಮೊದಲ ಮೂರು ಅಕ್ಷರ ಕತ್ತರಿಸಿ ಹೋಲಿಸುವವರೂ ಇರುತ್ತಾರೆ. ಅವರ ಸ್ಕ್ರಿಪ್ಟಿಗೆ 3.11 ಅಂದರೆ 3.1!

ಆಮೇಲೆ ನಂಪೈ 1.26.4 ಹಾಗೂ ಅದಕ್ಕೆ ಹೊಂದುವ ಪ್ಯಾಂಡಾಸ್, ಕೊನೆಗೆ 3.12.10. ಡಿಸ್ಟ್‌ಯುಟಿಲ್ಸ್ ಮತ್ತು ಇಂಪ್ ಮಾಡ್ಯೂಲುಗಳು 3.12ರಲ್ಲಿ ಇಲ್ಲವೇ ಇಲ್ಲ. 3.11ರಲ್ಲಿರುವಾಗಲೇ ಡಿಪ್ರಿಕೇಷನ್ ವಾರ್ನಿಂಗನ್ನು (‘ಇದು ಮುಂದೆ ಹೋಗಲಿದೆ’ ಅನ್ನುವ ಎಚ್ಚರಿಕೆಯನ್ನು) ಎರರ್ ಮಾಡಿ ಓಡಿಸಿದರೆ ಅವು ಸಿಕ್ಕಿಬೀಳುತ್ತವೆ. ನಂಪೈ 2ಕ್ಕೆ ಈಗ ಕೈ ಹಾಕಬೇಡ್ರಿ: 1.x ಜೊತೆ ಕಂಪೈಲ್ ಆದ ಪ್ಯಾಕೇಜುಗಳು ಅದರಲ್ಲಿ ನಡೆಯುವುದಿಲ್ಲ. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ 2ಕ್ಕಿಂತ ಕಡಿಮೆ ಅಂತ ಮಿತಿ ಬರೆದಿಡ್ರಿ.

ಎಂಬೆಡೆಬಲ್ ಜಿಪ್ (ಇನ್‌ಸ್ಟಾಲ್ ಮಾಡದೆ ಸಾಫ್ಟ್‌ವೇರ್ ಜೊತೆ ಇಡುವ ಪೈಥಾನ್) ಬಳಸುತ್ತಿದ್ದರೆ ಇನ್ನೊಂದು ಗಂಟಿದೆ. ಆ ಪೈಥಾನ್ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಅನ್ನುವುದು ._pth ಅಂತ ಕೊನೆಯಾಗುವ ಫೈಲಿನಲ್ಲಿರುತ್ತದೆ, ಅದರ ಹೆಸರಲ್ಲೇ ಆವೃತ್ತಿ ಇದೆ: ಪೈಥಾನ್38 ಹೋಗಿ ಪೈಥಾನ್311. ಹಳೆಯದರಲ್ಲಿ ನೀವು ಬರೆದ ಸಾಲುಗಳು ಹೊಸದರಲ್ಲಿ ಇರುವುದಿಲ್ಲ, ಇಂಪೋರ್ಟ್ ಸೈಟ್ ಸಾಲೂ ಮತ್ತೆ ಕಾಮೆಂಟಿನಲ್ಲೇ ಬರುತ್ತದೆ. ಈ ಫೈಲಿದ್ದರೆ ಹುಡುಕುವ ಫೋಲ್ಡರುಗಳನ್ನು ವಿಂಡೋಸಿನಲ್ಲಿ ಹೇಳುವ ಪೈಥಾನ್‌ಪಾತ್ ಲೆಕ್ಕಕ್ಕಿಲ್ಲ, ಸ್ಕ್ರಿಪ್ಟ್ ಇರುವ ಫೋಲ್ಡರ್ ಕೂಡ ತಾನಾಗಿ ಸೇರುವುದಿಲ್ಲ. ಎಲ್ಲ ಪ್ಯಾಕೇಜೂ ಅಲ್ಲೇ ಇದ್ದು ‘ಮಾಡ್ಯೂಲ್ ಇಲ್ಲ’ ಅಂತ ಬಂದರೆ ಮೊದಲು ಇದನ್ನೇ ನೋಡ್ರಿ. ಹಳೇ ಫೋಲ್ಡರಿನ ಮೇಲೇ ಹೊಸ ಜಿಪ್ ಬಿಚ್ಚಬಾರದು. ಹೆಸರಲ್ಲಿ ಸಿಪಿ38 ಅಂತಿರುವ ಪಿವೈಡಿ ಫೈಲುಗಳನ್ನು (3.8ಕ್ಕೆ ಕಂಪೈಲ್ ಆದ ಮಾಡ್ಯೂಲುಗಳನ್ನು) 3.11 ಕಣ್ಣೆತ್ತಿಯೂ ನೋಡುವುದಿಲ್ಲ. ಆವೃತ್ತಿಗೊಂದು ಫೋಲ್ಡರ್ ಮಾಡ್ರಿ, ಗ್ರಾಹಕರ ಸ್ಕ್ರಿಪ್ಟುಗಳನ್ನು ಎರಡರ ಹೊರಗೂ ಇಡ್ರಿ.

ಇನ್ನು ನಿಮ್ಮ ಇಂಟರ್‌ಫೇಸ್, ಅಂದರೆ ಗ್ರಾಹಕರ ಸ್ಕ್ರಿಪ್ಟುಗಳು ಕರೆಯುವ ನಿಮ್ಮ ಫಂಕ್ಷನ್‌ಗಳು. ನಿಮ್ಮ ಫಂಕ್ಷನ್ ಡೇಟಾಫ್ರೇಮ್ ಹಿಂದಿರುಗಿಸುತ್ತಿದ್ದರೆ ಪ್ಯಾಂಡಾಸ್ ಮುಂದೆ ಮಾಡುವ ಬದಲಾವಣೆಗೆಲ್ಲ ನೀವೇ ಜವಾಬು ಹೇಳಬೇಕಾಗುತ್ತದೆ. ನಾನಾದರೆ ಒಂದೇ ಮಾಡ್ಯೂಲ್ ಹೊರಗಿಟ್ಟು ಅದರಿಂದ ಬರೇ ಡಿಕ್ಷನರಿ, ಲಿಸ್ಟ್, ಅಂಕಿ ಕೊಡುತ್ತೇನೆ. ಅದಕ್ಕೆ ಪೈಥಾನಿಗೆ ಸಂಬಂಧವಿಲ್ಲದ ಬೇರೆ ಆವೃತ್ತಿ ಸಂಖ್ಯೆ. ಹಳೇ ಫಂಕ್ಷನ್ ಹೆಸರುಗಳನ್ನು ಒಂದು ಪೂರ್ತಿ ಹಂಗಾಮು ಉಳಿಸಿ ಎಚ್ಚರಿಕೆ ಕೊಡ್ರಿ. ಡಿಪ್ರಿಕೇಷನ್ ವಾರ್ನಿಂಗ್ ಬಹಳ ಸಲ ಕಾಣುವುದೇ ಇಲ್ಲ, ಅದಕ್ಕೆ ಫ್ಯೂಚರ್ ವಾರ್ನಿಂಗ್ ಬಳಸ್ರಿ, ಸ್ಟ್ಯಾಕ್‌ಲೆವೆಲ್ 2 ಕೊಟ್ಟರೆ ಗ್ರಾಹಕರ ಸಾಲಿನ ಸಂಖ್ಯೆಯೇ ಬರುತ್ತದೆ. ಕಾಟಾದ ಮುಂದೆ ಕೂತವರು ಅದನ್ನು ಓದುವುದಿಲ್ಲ, ಲಾಗ್ ಫೈಲಿಗೆ ಹರಿಸ್ರಿ.

ಈ ಬದಲಾವಣೆ ಏನಿದ್ದರೂ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ. ಮೊದಲು ಪ್ರತಿ ಕಾಟಾದ ಪಿಸಿಯಲ್ಲಿ ವಿಂಡೋಸ್ ಯಾವುದಿದೆ ನೋಡಿಕೊಳ್ರಿ. ವಿಂಡೋಸ್ 7ರ ಮೇಲೆ ಪೈಥಾನ್ 3.9ರಿಂದ ಮುಂದಿನ ಯಾವುದೂ ನಡೆಯುವುದಿಲ್ಲ. ಅಂಥ ಕಡೆ 3.8 ಹಾಗೇ ಬಿಟ್ಟು ಹೊಸ ಪಿಸಿಯ ಮಾತೆತ್ತಬೇಕು.