ಸ್ಕಾಲರ್‌ಶಿಪ್ ಬಾರದಿದ್ದರೆ ಆಟ ಆಟವಲ್ಲವೇ?

ನ್ಯೂಜೆರ್ಸಿಯ ಎಡಿಸನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಬೇಡವೆಂದಿದ್ದಾರೆ): “ಮಗ ಹನ್ನೊಂದನೇ ತರಗತಿ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು. ಕಾಲೇಜಿನಲ್ಲೂ ಆಡಬೇಕೆಂಬ ಹಟ. ಊರೂರು ಸುತ್ತಿ ಆಡುವ ಟ್ರಾವೆಲ್ ಟೀಮು, ಕೋಚ್‌ಗಳ ಮುಂದೆ ಆಡಿ ತೋರಿಸುವ ಶೋಕೇಸು ಅಂತ ಸಾವಿರಾರು ಡಾಲರ್ ಹೋಯಿತು, ದೊಡ್ಡ ಯೂನಿವರ್ಸಿಟಿಯ ಕೋಚ್ ಒಬ್ಬರೂ ಕರೆಯಲಿಲ್ಲ. ‘ಸ್ಕಾಲರ್‌ಶಿಪ್ ಇಲ್ಲ ಅಂದಮೇಲೆ ಗ್ಲೌಸ್ ಕಟ್ಟಿಟ್ಟು ಓದಿಕೋ’ ಅಂತ ನಮ್ಮವರು. ಕ್ರಿಕೆಟ್ ಆಗಿದ್ದರೆ ಇವರು ಹೀಗೆ ಹೇಳುತ್ತಿದ್ದರೇ? ನೀವೇನಂತೀರಿ?”

ನಿಮ್ಮ ಯಜಮಾನರ ಆತಂಕ ಸುಳ್ಳೇನಲ್ಲ, ತಾಯಿ. ಅಮೆರಿಕದ ಹೈಸ್ಕೂಲುಗಳಲ್ಲಿ ಬೇಸ್‌ಬಾಲ್ ಆಡುವ ನೂರು ಹುಡುಗರಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಅಲ್ಲಿನ ಸಂಸ್ಥೆ) ಕಾಲೇಜು ತಂಡ ಸೇರುವವರು ಏಳೆಂಟು ಮಂದಿ. ಮೊನ್ನೆಮೊನ್ನೆಯವರೆಗೆ ಅದರ ಮೇಲ್ದರ್ಜೆಯಾದ ಡಿವಿಷನ್ 1ರ ತಂಡವೊಂದಕ್ಕೆ ಇದ್ದದ್ದೇ 11.7 ಪೂರ್ಣ ಸ್ಕಾಲರ್‌ಶಿಪ್‌ನಷ್ಟು ದುಡ್ಡು. ಅದನ್ನೇ ಚೂರು ಮಾಡಿ ಹಲವು ಹುಡುಗರಿಗೆ ಹಂಚುತ್ತಿದ್ದರು. ಎನ್‌ಸಿಎಎ ಮೇಲಿನ ಮೊಕದ್ದಮೆಯಲ್ಲಿ ಆದ 2025ರ ಕೋರ್ಟ್ ಒಪ್ಪಂದದ ನಂತರ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಆ ಮಿತಿ ಹೋಯಿತು, ಬದಲಿಗೆ ತಂಡದ ಗಾತ್ರವೇ 34ಕ್ಕೆ ನಿಂತಿತು. ಲೆಕ್ಕಾಚಾರಕ್ಕೆ ಇಷ್ಟು ಮರ್ಯಾದೆ ಸಾಕು.

ಹುಡುಗ ಕೇಳಿದ್ದು ಆಡಲಿಕ್ಕೆ ಒಂದು ಜಾಗ. ಮನೆಯಲ್ಲಿ ನಡೆಯುತ್ತಿರುವುದು ದುಡ್ಡಿನ ಚರ್ಚೆ. ಡಿವಿಷನ್ 3 ಎಂಬ ಮೂರನೇ ದರ್ಜೆಯೊಂದಿದೆ, ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ. ಅಲ್ಲಿ ಆಟಕ್ಕೆಂದು ಒಂದು ಡಾಲರ್ ಸ್ಕಾಲರ್‌ಶಿಪ್ಪೂ ಕೊಡುವುದಿಲ್ಲ. ಆದರೂ ಆಡುತ್ತಾರೆ. ಎಂಐಟಿ ಅಲ್ಲಿದೆ, ಜಾನ್ಸ್ ಹಾಪ್‌ಕಿನ್ಸ್ ಅಲ್ಲಿದೆ, ಶಿಕಾಗೋ ಯೂನಿವರ್ಸಿಟಿ ಅಲ್ಲಿದೆ. ಈ ಹೆಸರುಗಳನ್ನು ಯಜಮಾನರ ಕಿವಿಗೆ ಹಾಕಿ ನೋಡಿ, ಮುಖ ಅರಳದಿದ್ದರೆ ಕೇಳಿ.

ಕ್ಯಾಲ್‌ಟೆಕ್ ಕೂಡ ಅಲ್ಲೇ. ನೊಬೆಲ್ ವಿಜ್ಞಾನಿಗಳ ಆ ಕಾಲೇಜಿನ ಬೇಸ್‌ಬಾಲ್ ತಂಡ 2003ರಿಂದ ಸತತ 228 ಪಂದ್ಯ ಸೋತಿತ್ತು. 2013ರ ಫೆಬ್ರವರಿಯಲ್ಲಿ ಒಂದು ಗೆದ್ದಿತು. ಆ ಹತ್ತು ವರ್ಷದಲ್ಲಿ ಒಂದೂ ಗೆಲುವು ಕಾಣದೆ ಡಿಗ್ರಿ ಮುಗಿಸಿ ಹೋದ ಹುಡುಗರೆಷ್ಟೋ! ಲ್ಯಾಬ್ ಮುಗಿಸಿ ಸಂಜೆ ಬಂದು ಸೋಲಲಿಕ್ಕಾದರೂ ಅಭ್ಯಾಸ ಮಾಡುತ್ತಿದ್ದರಲ್ಲ, ನನಗೆ ಅವರ ಮೇಲಿರುವ ಗೌರವ ವಿಶ್ವಕಪ್ ಗೆದ್ದವರ ಮೇಲೂ ಇಲ್ಲ.

ಗೆದ್ದವರೇ ಬೇಕೆಂದರೆ ಪಿಚರ್ ಬಿಲ್ಲಿ ವ್ಯಾಗ್ನರ್ ಇದ್ದಾನೆ. ಬಲಗೈ ಹುಡುಗ, ಬಾಲ್ಯದಲ್ಲಿ ಎರಡು ಬಾರಿ ಆ ಕೈ ಮುರಿದುಕೊಂಡು ಎಡಗೈಯಲ್ಲಿ ಎಸೆಯಲು ಕಲಿತ. ಓದಿದ್ದು ವರ್ಜೀನಿಯಾದ ಫೆರಮ್ ಎಂಬ ಪುಟ್ಟ ಡಿವಿಷನ್ 3 ಕಾಲೇಜಿನಲ್ಲಿ. 422 ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಉಳಿಸುವುದು) ಮಾಡಿ 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ.

ಶೋಕೇಸುಗಳ ಬಗ್ಗೆ ಮಾತ್ರ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕು. ಅಮೆರಿಕಕ್ಕೆ ಹೋಗಿದ್ದಾಗ ಬಂಧುಗಳ ಮಗನ ಜೊತೆ ಅಂಥದ್ದೊಂದಕ್ಕೆ ಹೋಗಿದ್ದೆ. ಬಲೆಯ ಹಿಂದೆ ವೇಗ ಅಳೆಯುವ ರೇಡಾರ್ ಗನ್ ಹಿಡಿದವರ ಸಾಲು. ಹುಡುಗ ಚೆಂಡು ಎಸೆದವನೇ ಕ್ಯಾಚರ್‌ನತ್ತ ನೋಡುತ್ತಿರಲಿಲ್ಲ, ಗನ್ನಿನ ಅಂಕಿ ನೋಡುತ್ತಿದ್ದ. ಗಂಟೆಗೆ 84 ಮೈಲಿ ಬಂದರೆ ಅಪ್ಪನ ಮೋರೆ ಸಪ್ಪೆ, 86 ಬಂದರೆ ಬೆನ್ನಿಗೆ ಶಭಾಷ್. ಚೆಂಡು ಎಲ್ಲಿ ಬಿತ್ತೆಂದು ಕೇಳಿದವರಿಲ್ಲ. ಈ ವೇಗದ ಹುಚ್ಚಿಗೆ ತೆರುವ ಬೆಲೆ ಮೊಣಕೈಯ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು (ಲಿಗಮೆಂಟ್). 1974ರಲ್ಲಿ ಡಾ. ಫ್ರಾಂಕ್ ಜೋಬ್ ವೃತ್ತಿಪರ ಪಿಚರ್ ಟಾಮಿ ಜಾನ್‌ನ ಮೊಣಕೈಗೆ ಮಾಡಿದ ಆಪರೇಷನ್ ಇವತ್ತು ಹೈಸ್ಕೂಲು ಮಕ್ಕಳಿಗೆ ಆಗುತ್ತಿದೆ. 2007ರಿಂದ 2011ರ ನಡುವಿನ ಅಂಥ ಆಪರೇಷನ್‌ಗಳ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 15ರಿಂದ 19ರ ವಯಸ್ಸಿನವರು. ಆಂಧ್ರ ಮೂಲದ ತಾಯಿಯ ಮಗ ಕುಮಾರ್ ರಾಕರ್ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ತಂಡಕ್ಕಾಡುತ್ತ 2019ರಲ್ಲಿ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ ತನ್ನ ಎಸೆತಗಳಿಂದಲೇ 19 ಬಾರಿ ಔಟ್ (ಸ್ಟ್ರೈಕ್‌ಔಟ್) ಮಾಡಿದವನು; ಅವನಿಗೂ 2023ರಲ್ಲಿ ಇದೇ ಆಪರೇಷನ್. 15–16ರ ಹುಡುಗ ದಿನಕ್ಕೆ 95ಕ್ಕಿಂತ ಹೆಚ್ಚು ಪಿಚ್ (ಎಸೆತ) ಎಸೆಯಬಾರದೆಂದು ಅಲ್ಲಿನ ಪಿಚ್ ಸ್ಮಾರ್ಟ್ ಸೂಚಿ ಹೇಳುತ್ತದೆ, 17 ತುಂಬಿದರೆ 105. ಯಜಮಾನರಿಗೆ ಲೆಕ್ಕವೇ ಇಷ್ಟವಾದರೆ ಇದನ್ನು ಎಣಿಸಲಿ.

ಕ್ರಿಕೆಟ್ ಆಗಿದ್ದರೆ ಎಂದು ಕೇಳಿದಿರಿ. ಇಲ್ಲೂ ಅದೇ ಕಥೆ. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನ ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿ. ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯ ಎಂಜಿನಿಯರ್. ಆ ಕಾಲದ ಅಪ್ಪಂದಿರೇನು ಕಡಿಮೆ ಬಯ್ಯುವವರೇ? ಆದರೂ ಸಂಜೆ ಮೈದಾನವಿತ್ತು. ಇವತ್ತಿನ ಎಷ್ಟೋ ಪಿಯು ಕಾಲೇಜುಗಳಿಗೆ ಕಾಲು ಚಾಚುವಷ್ಟೂ ಬಯಲಿಲ್ಲ. ಇದ್ದ ಬಯಲಿನಲ್ಲಿ ಬಸ್ಸು ನಿಂತಿವೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ನೀಟ್, ಸಿಇಟಿ ರುಬ್ಬಿಸುತ್ತಾರೆ. ಪಿಟಿ ಮೇಷ್ಟ್ರಿಗೆ ಹಾಜರಿ ಪುಸ್ತಕ ಬರೆಯುವ ಕೆಲಸ. ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ ಮೇಲೂ ದೀಪ ಹಾಕಿದ ಮೈದಾನವಿದೆ, ಡಿವಿಷನ್ 3 ಇದೆ. ಇಷ್ಟಿದ್ದೂ ಮಗನನ್ನು ತಡೆಯುತ್ತೀರಾ? ಕೋಚ್‌ಗಳಿಗೆ ಅವನೇ ಇಮೇಲ್ ಬರೆಯಲಿ. ಅಪ್ಪ ಬರೆದುಕೊಡುವುದು ಬೇಡ.

ಇನ್ನು, ಮೈದಾನದಲ್ಲಿ ಬಸ್ಸು ನಿಲ್ಲಿಸಿರುವ ಪ್ರಾಂಶುಪಾಲರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಸಮರ್ಥನೆಗೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಪತ್ರ ಕನ್ನಡದಲ್ಲಿರಲಿ.

— ಸಂ.