ಮನೆ ಮಾರುವ ಮಾತು ಆಮೇಲೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮೈಸೂರಿನ ಸರಸ್ವತಿಪುರಂನಲ್ಲಿ ಒಂಟಿಯಾಗಿರುವ 76 ವರ್ಷದ ನಿವೃತ್ತ ಶಿಕ್ಷಕಿ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಕಳೆದ ಮಳೆಗಾಲದಲ್ಲಿ ಹಿತ್ತಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಮಕ್ಕಳಿಗೆ ನಿದ್ದೆಯಿಲ್ಲ. ನಗರದ ಹೊರವಲಯದ ಹಿರಿಯರ ವಸತಿ ಸಮುಚ್ಚಯವೊಂದನ್ನು ನೋಡಿಟ್ಟಿದ್ದರು. ಮನೆ ಮಾರಿ ಅಲ್ಲಿ ಠೇವಣಿ ಕಟ್ಟುವುದೆಂದೂ ತೀರ್ಮಾನಿಸಿಯಾಗಿತ್ತು. ನನ್ನಲ್ಲಿಗೆ ಸಲಹೆ ಕೇಳಲು ಬಂದವರಲ್ಲ, ಅಮ್ಮನನ್ನು ಒಪ್ಪಿಸಿಕೊಡಿ ಎಂದು ಬಂದವರು.

ಮಕ್ಕಳನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಮಾತನಾಡಿಸಿದೆ. ಹೋಗುವುದಕ್ಕೆ ಅವರ ತಕರಾರಿರಲಿಲ್ಲ. "ಅಲ್ಲಿ ಹೊಂದಿಕೆಯಾಗದಿದ್ದರೆ ನಾನು ಎಲ್ಲಿಗೆ ಬರಲಿ, ಹೇಳಿ?" ಎಂದರು. ಇಡೀ ಪ್ರಕರಣ ಇಷ್ಟೇ ಎನ್ನಿಸಿತು. ಆದ್ದರಿಂದ ಮಕ್ಕಳಿಗೆ ಹೇಳಿದ ಮೊದಲ ಮಾತು: ಒಂದು ವರ್ಷ ಮನೆಯನ್ನು ಮುಟ್ಟಬೇಡಿ.

ಅಡುಗೆ, ಸ್ನಾನ, ರಕ್ತದೊತ್ತಡದ ಮಾತ್ರೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆ ನಡೆದು ಬರುತ್ತಾರೆ. ಇಂಥವರಿಗೆ ಆ ಸಮುಚ್ಚಯದಲ್ಲಿರುವಂಥ ಸ್ವತಂತ್ರ ವಾಸದ ಮನೆ, ಅಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲ ಹಿರಿಯರ ಮನೆ, ಇವತ್ತಿಗೆ ಸಾಕು. ಆದರೆ ಅಲ್ಲಿ ಸಿಗುವುದು ಊಟ, ಶುಚಿತ್ವ, ಕಾವಲು. ಮೀಯಿಸುವುದು, ಎತ್ತಿ ಕೂರಿಸುವುದು ಆ ಲೆಕ್ಕಕ್ಕೆ ಸೇರುವುದಿಲ್ಲ. ಅದು ನೆರವಿನ ವಾಸ, ಅದರ ದರ ಬೇರೆ. ಒಪ್ಪಂದದ ಕರಡು ತರಿಸಿ ಓದಿದೆವು. ಹಾಸಿಗೆ ಹಿಡಿದರೆ ಮನೆಯವರೇ ಕರೆದುಕೊಂಡು ಹೋಗಬೇಕು ಎಂಬ ಸಾಲು ಹದಿನಾಲ್ಕನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಮಗ ಅದನ್ನು ಎರಡು ಸಲ ಓದಿದ. ಬಣ್ಣದ ಕರಪತ್ರದಲ್ಲಿ ಉದ್ಯಾನದ ಚಿತ್ರ ಮಾತ್ರ ದೊಡ್ಡದಾಗಿತ್ತು!

ಹೋಗಿ ನೋಡುವಾಗ ಮಾಡಬೇಕಾದ್ದನ್ನು ಶಿಕ್ಷಕಿಗೇ ಹೇಳಿದೆ. ಬಚ್ಚಲಿನ ಹಿಡಿಕೆಯನ್ನು ಮೈಭಾರ ಬಿಟ್ಟು ಎಳೆದು ನೋಡಿ, ಅಲುಗಾಡಿದರೆ ಅದು ಅಲಂಕಾರಕ್ಕೆ ಹಾಕಿದ್ದು. ರಾತ್ರಿ ಎರಡು ಗಂಟೆಗೆ ಕರೆಗಂಟೆ ಒತ್ತಿದರೆ ಯಾರು ಬರುತ್ತಾರೆ ಎಂದು ವ್ಯವಸ್ಥಾಪಕರನ್ನು ಕೇಳಬೇಡಿ, ಅಲ್ಲಿರುವ ಹಿರಿಯರನ್ನು ಕೇಳಿ. ಬಿಟ್ಟುಬಂದರೆ ಠೇವಣಿಯಲ್ಲಿ ಎಷ್ಟು, ಎಷ್ಟು ದಿನದೊಳಗೆ ವಾಪಸು ಎಂಬುದು ಬರವಣಿಗೆಯಲ್ಲಿರಲಿ.

ಮಗ ಮನೆಯ ದಾನಪತ್ರದ ಮಾತನ್ನೂ ಎತ್ತಿದ್ದ. ಮಾಡುವುದಾದರೆ ತಾಯಿಯ ಪೋಷಣೆಯ ಷರತ್ತನ್ನು ಪತ್ರದಲ್ಲೇ ಬರೆಸಿ ಎಂದೆ. ಆ ಷರತ್ತು ಮುರಿದರೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಅಡಿಯಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ದಾನವನ್ನೇ ಅನೂರ್ಜಿತಗೊಳಿಸಬಹುದು. ಮಗನ ಮುಖ ಸ್ವಲ್ಪ ಸಪ್ಪಗಾಯಿತು, ಮಗಳು ತಲೆಯಾಡಿಸಿದಳು.

ಒಂದು ತಿಂಗಳ ಪ್ರಾಯೋಗಿಕ ವಾಸಕ್ಕೆ ಹೋಗಿಬಂದ ಶಿಕ್ಷಕಿಯ ದೂರು ಒಂದೇ: ಆರೂವರೆಗಿಂತ ಮೊದಲು ಕಾಫಿ ಸಿಗುವುದಿಲ್ಲ. ಜೊತೆಗಾರರು ಮಾತ್ರ ಹಿಡಿಸಿದ್ದಾರೆ. ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ಇನ್ನೊಂದು ಕಡೆ ಹುಡುಕುವ ಕೆಲಸ ಈಗ ಮಗಳದು. ಅಲ್ಲಿಯವರೆಗೆ ಸರಸ್ವತಿಪುರಂ ಮನೆಯ ಮುಂಭಾಗ ಬಾಡಿಗೆಗೆ, ಹಿಂದಿನ ಕೋಣೆಯ ಬೀಗದ ಕೈ ತಮ್ಮ ಹತ್ತಿರ ಎಂಬುದು ಅವರ ಷರತ್ತು. ಮಕ್ಕಳು ಒಪ್ಪಿದ್ದಾರೆ.